ಐದನೇ ಗಾಲಿಗೂ ಒಂದು ಲಿಂಬೆಹಣ್ಣು

ಹಳೆಯ ಕಾರಿನ ಸ್ಟೆಪ್ನಿಯನ್ನು ನೋಡಿ, ಅದು ಕಾರಿನ ಜೊತೆಗೇ ಬಂದ ಅಸಲಿಯೋ, ನಡುವೆ ಬಂದು ಸೇರಿಕೊಂಡದ್ದೋ ಎಂದು ಹೇಳುವ ಕೆಲಸಕ್ಕೆ ಯಾರೂ ಅರ್ಜಿ ಹಾಕುವುದಿಲ್ಲ. ಅದು ತಾನಾಗಿ ಬಂದು ಕೊರಳಿಗೆ ಬೀಳುತ್ತದೆ. ಒಮ್ಮೆ ಬಿದ್ದ ಮೇಲೆ ವಾರಕ್ಕೊಂದು ಫಜೀತಿ ಗ್ಯಾರಂಟಿ.

ಬೆಳಗಾವಿಯ ಅನಗೋಳದಲ್ಲಿ ನಾನು ಸುಮಾರು ನಲವತ್ತು ವರ್ಷ ಟೈರಿನ ಕೆಲಸ ಮಾಡಿದೆ. ಮೊದಲು ಉಸ್ತಾದರ ಕೈಕೆಳಗೆ, ಆಮೇಲೆ ನನ್ನದೇ ಅಂಗಡಿಯಲ್ಲಿ. ಈಗ ಮೊಣಕಾಲು ಮಡಚಲು ಬಾರದೆಂದು ಅಂಗಡಿ ಮುಚ್ಚಿದ್ದೇನೆ, ಬಾಯಿ ಮಾತ್ರ ಚಾಲೂ ಇದೆ. ನಮ್ಮೂರಲ್ಲಿ ಅಪ್ಪನದೋ ಅಜ್ಜನದೋ ಹಳೆಯ ಕಾರು ಇಟ್ಟುಕೊಂಡವರದು ಒಂದು ಬಳಗ. ವರ್ಷಕ್ಕೊಮ್ಮೆ ಒಂದು ಮೈದಾನದಲ್ಲಿ ಎಲ್ಲ ಕಾರುಗಳನ್ನೂ ತೊಳೆದು ಸಾಲಾಗಿ ನಿಲ್ಲಿಸುತ್ತಾರೆ. ಮುಂದಿನ ಸಾಲು ಅಸಲಿ ಕಾರುಗಳಿಗೆ, ಹಿಂದಿನದು ಉಳಿದವಕ್ಕೆ. ರಸ್ತೆಯಲ್ಲಿ ಓಡುವ ನಾಲ್ಕು ಗಾಲಿ ಸವೆದು ಬದಲಾಗುವುದು ಇದ್ದದ್ದೇ. ಡಿಕ್ಕಿಯಲ್ಲಿ ಮಲಗಿದ ಐದನೆಯದು ಮಾತ್ರ ಹುಟ್ಟಿದಾಗಿನದೇ ಇರಬೇಕು ಎಂಬುದು ಅವರ ನಿಯಮ. ಅದನ್ನು ಪರೀಕ್ಷೆ ಮಾಡಿ ಒಂದು ಫಾರ್ಮಿಗೆ ಸಹಿ ಹಾಕಲು ಯಾರಾದರೂ ಬೇಕಲ್ಲ, ಎಲ್ಲರ ಬೆರಳೂ ನನ್ನ ಕಡೆ ತಿರುಗಿತು. ಒಂದು ಕಪ್ ಚಹಾದ ದಾಕ್ಷಿಣ್ಯಕ್ಕೆ ಹೂಂ ಎಂದುಬಿಟ್ಟೆ.

ಅಲ್ಲೇ ತಪ್ಪಿದ್ದು. ಯಾಕೆಂದರೆ ಟಿಳಕವಾಡಿಯ ವಕೀಲರೊಬ್ಬರ ಮನೆಯಲ್ಲಿ ಒಂದು ಕಾರು ಇದೆ. ಅದರ ಸ್ಟೆಪ್ನಿ ಅಸಲಿ ಅಲ್ಲ ಎಂದು ಹೇಳಲು ನಾನು ಅದನ್ನು ನೋಡುವ ಅಗತ್ಯವೇ ಇರಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಅದನ್ನು ಬದಲಿಸಿದವನು ನಾನೇ. ಆ ಸಂಗತಿ ನನಗೂ ಅಲ್ಲಾಹನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ವಕೀಲರು ಒಂದು ವರ್ಷವೂ ಕಾರನ್ನು ಮೈದಾನಕ್ಕೆ ತಂದವರಲ್ಲ, ಹಾಗಾಗಿ ಧೈರ್ಯವಾಗಿದ್ದೆ. ಅವರು ಬರುವ ಮೊದಲು ಇನ್ನಿಬ್ಬರು ಬಂದರು.

ಕ್ಷೌರ

ಮೊದಲನೆಯವರು ಹಿಂಡಲಗಾದ ನಿವೃತ್ತ ಹೆಡ್‌ಮಾಸ್ತರು. ಫೋನಿನಲ್ಲಿ "ನಾ ಹಿಂಡಲಗಾದಾಗ ಇರ್ತೇನ್ರಿ" ಎಂದರು. ಅಲ್ಲಿ ಸೆಂಟ್ರಲ್ ಜೈಲು ಇರುವುದರಿಂದ ಆ ಊರಿನವರಿಗೆಲ್ಲ ಒಂದು ಅಭ್ಯಾಸ. ಕೂಡಲೇ "ಜೈಲಿನ ಹೊರಗ ರೀ" ಎಂದು ಸೇರಿಸಿದರು.

ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಸಣ್ಣ ಕೂದಲು ಇರುತ್ತವೆ, ನೀವೂ ನೋಡಿರುತ್ತೀರಿ. ಅಚ್ಚಿನಿಂದ ಹೊರಗೆ ಬರುವಾಗ ಉಳಿದವು ಅವು. ರಸ್ತೆಯಲ್ಲಿ ಸ್ವಲ್ಪ ಓಡಿತೆಂದರೆ ನೆಲ ತಾಗುವ ಕಡೆಯವು ಮಾಯ, ಬದಿಯವು ಸಾವಕಾಶ ಉದುರುತ್ತವೆ. ಹಳೆಯ ಸ್ಟೆಪ್ನಿಯ ಮೈ ತುಂಬ ಕೂದಲು ಇದ್ದರೆ ಅದು ಡಿಕ್ಕಿ ಬಿಟ್ಟು ಇಳಿದೇ ಇಲ್ಲ ಎಂದು ಅರ್ಥ. ಅದಕ್ಕೇ ಮೊದಲ ಪ್ರಶ್ನೆ ಕೇಳಿದೆ: "ಸರ್, ಟೈರಿಗೆ ಕೂದ್ಲ ಅದಾವೇನ್ರಿ?"

"ಮೈ ತುಂಬ ಅದಾವ್ರಿ!" ಎಂದರು ಹೆಮ್ಮೆಯಿಂದ.

ಮರುದಿನ ಹೋಗಿ ನೋಡಿದರೆ ಟೈರು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಫಳಫಳ ಹೊಳೆಯುತ್ತಿದೆ. ಕೈಯಾಡಿಸಿದರೆ ನುಣ್ಣಗೆ, ಒಂದೇ ಒಂದು ಕೂದಲಿಲ್ಲ.

"ಸರ್, ಕೂದ್ಲ ಎಲ್ಲಿ?"

"ನೀವು ಬರ್ತೀರಂತ ನಿನ್ನಿ ಸಂಜಿಕ ಬ್ಲೇಡ್ ಹಚ್ಚಿ ಎಲ್ಲಾ ತಗದೇನ್ರಿ. ಇನ್‌ಸ್ಪೆಕ್ಷನ್ನಿಗೆ ಬಂದಾಗ ಹಂಗ ಗಡ್ಡಾ ಬಿಟ್ಕೊಂಡು ಕುಂತ್ರ ಛಂದ ಕಾಣ್ತೈತೇನು?"

ಮೂವತ್ತು ವರ್ಷ ಸಾಲೆ ನಡೆಸಿದ ಮನುಷ್ಯ. ಸಾಹೇಬರು ಬರುವ ಹಿಂದಿನ ದಿನ ಗೋಡೆಗೆ ಸುಣ್ಣ ಬಳಿಸಿ, ಹುಡುಗರ ಉಗುರು ಕತ್ತರಿಸಿ ರೂಢಿ. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಇದ್ದ ಒಂದು ಸಾಕ್ಷಿಯನ್ನು ಅವರೇ ಹೆರೆದು ಹಾಕಿದ್ದಾರೆಂದು ತಿಳಿಸಿದಾಗ ಪಾಪ, ಅವರ ಮುಖ ಬಿಳಿಚಿಕೊಂಡಿತು.

ಒಳಗಿನಿಂದ ಅವರ ಹೆಂಡತಿ ಒಂದು ಕಾಗದದ ಪೊಟ್ಟಣ ತಂದು ನನ್ನ ಮುಂದೆ ಬಿಚ್ಚಿದರು. ಕಪ್ಪು ಕೂದಲಿನ ಒಂದು ಹಿಡಿ. "ಎಲ್ಲಾ ಇಲ್ಲೇ ಅದಾವ್ರಿ. ಇವ್ರು ಮನ್ಯಾಗ ಏನೂ ಚೆಲ್ಲಾಕ ಬಿಡೂದಿಲ್ಲ" ಎಂದರು.

ಬೆಳಕಿಗೆ ಹಿಡಿದು, ಟೈರಿನ ಮೇಲೆ ಉಳಿದ ಮೊಟಕು ಬೇರುಗಳ ಜೊತೆ ಹೋಲಿಸಿ ನೋಡಿದೆ. ಆ ಟೈರಿನದೇ, ಅನುಮಾನವಿಲ್ಲ. ಮುಂದಿನ ಸಾಲು ಎಂದು ಬರೆದು ಸಹಿ ಹಾಕಿದೆ. ಹೆಡ್‌ಮಾಸ್ತರು ಗೇಟಿನವರೆಗೆ ಬಂದು, ಯಾರಿಗೂ ಕೇಳಿಸದಂತೆ ಮೆಲ್ಲಗೆ ಕೇಳಿದರು: "ಮಿಸ್ತ್ರಿ, ಮತ್ತ ಬೆಳಿತಾವೇನ್ರಿ?"

ದೂರದೃಷ್ಟಿ

ಎರಡನೆಯವರು ಪೇಟೆಯ ಜವಳಿ ವ್ಯಾಪಾರಿ. "ನಮ್ಮ ಅಜ್ಜಾರು ಗಾಡಿ ತಂದಾಗ ಹೆಂಗಿತ್ತೋ ಹಂಗ ಐತಿ. ಸ್ಟೆಪ್ನಿ ಮುಟ್ಟಿದವ್ರ ಇಲ್ಲ" ಎಂದರು.

ನಾನು ಚಷ್ಮಾ ಏರಿಸಿ ನೋಡಿದೆ. ಟೈರಿನ ಬದಿಯಲ್ಲಿ, ಕಣ್ಣಿಲ್ಲದವನೂ ಬೆರಳಾಡಿಸಿ ಓದಬಹುದಾದಷ್ಟು ದಪ್ಪ ಅಕ್ಷರದಲ್ಲಿ 'ಟ್ಯೂಬ್‌ಲೆಸ್' ಎಂದು ಇತ್ತು.

"ಶೇಟ್ರ, ನಿಮ್ಮ ಅಜ್ಜಾರ ಕಾಲದಾಗ ನಮ್ಮ ಕಡೆ ಎಲ್ಲಾ ಟೈರಿನ್ಯಾಗೂ ಟ್ಯೂಬ್ ಇರ್ತಿತ್ತು. ಟ್ಯೂಬ್ ಇಲ್ಲದ ಟೈರ್ ಬಂದದ್ದು ಮೊನ್ನಿ ಮೊನ್ನಿ."

ಶೇಟರು ಕಣ್ಣು ಮಿಟುಕಿಸಲಿಲ್ಲ. "ಅಜ್ಜಾರದು ಮೊದಲಿಂದೂ ದೂರದೃಷ್ಟಿ ರೀ" ಎಂದರು.

ಹಿಂದಿನ ಸಾಲು ಎಂದು ನಾನು ಬರೆಯಲು ಹೋದೆ. ಅವರು ಪೆನ್ನು ಹಿಡಿದುಕೊಂಡರು. "ಹಿಂದಿಂದು ಬ್ಯಾಡ ಮಿಸ್ತ್ರಿ. ನಡುವಿನ ಸಾಲು ಮಾಡ್ರಿ."

"ನಡುವ ಸಾಲ ಇಲ್ರಿ ಶೇಟ್ರ. ಇರೂದು ಎರಡ."

"ಹೋಗ್ಲಿ ಬಿಡ್ರಿ, ನಿಮ್ಮದೂ ಬ್ಯಾಡ ನಮ್ಮದೂ ಬ್ಯಾಡ. ಹಿಂದಿನ ಸಾಲಿನ್ಯಾಗ ಮುಂದಿನ ಜಾಗಾ ಕೊಡ್ರಿ."

ಅರ್ಧ ತಾಸು ಸೀರೆಯ ಅಂಗಡಿಯಲ್ಲಿ ಕೂತಂತೆ ಕೂತು, ಕೊನೆಗೆ ಆ ರೇಟಿಗೇ ಮುಗಿಸಿ ಎದ್ದೆ.

ಸ್ಟೆಪ್ನಿಗೊಂದು ಸ್ಟೆಪ್ನಿ

ಇನ್ನು ವಕೀಲರು. ಕಾರು ಅವರ ತಂದೆ ಕೊಂಡದ್ದು. ತಂದೆ ಭಾರೀ ಶಿಸ್ತಿನ ಮನುಷ್ಯ, ಬದುಕಿರುವವರೆಗೆ ಸ್ಟೆಪ್ನಿಯನ್ನು ನೆಲಕ್ಕೆ ತಾಗಿಸಲಿಲ್ಲ. ತಂದೆ ಬಳಸಲಿಲ್ಲ ಎಂದು ಮಗನೂ ಬಳಸಲಿಲ್ಲ. ಅದು ಡಿಕ್ಕಿಯಲ್ಲಿ, ವಕೀಲರ ತಾಯಿ ಹಳೆಯ ಸೀರೆಗಳನ್ನು ಸೇರಿಸಿ ಕೈಯಿಂದ ಹೊಲಿದ ಕೌದಿಯ ಗವಸಣಿಯೊಳಗೆ ಮಲಗಿರುತ್ತದೆ. ಅದನ್ನು ಬಳಸುವ ಪ್ರಸಂಗ ಬರಬಾರದೆಂದು ಹಿಂದಿನ ಸೀಟಿನ ಮೇಲೆ ಇನ್ನೊಂದು ಸ್ಟೆಪ್ನಿ. ಅದಕ್ಕೂ ಅಂಥದ್ದೇ ಕೌದಿ.

ಕೆಲವು ವರ್ಷದ ಹಿಂದೆ ಒಂದು ಮಧ್ಯಾಹ್ನ ವಕೀಲರ ಫೋನು ಬಂತು. ಖಾನಾಪುರ ರಸ್ತೆಯಲ್ಲಿ ಪಂಕ್ಚರ್. ನಾನು ಹತ್ಯಾರಗಳ ಚೀಲ ಹೊತ್ತು ಬಸ್ಸು ಹಿಡಿದು ಹೋದೆ. ನೋಡಿದರೆ ವಕೀಲರು ರಸ್ತೆಯ ಬದಿ ಕಲ್ಲಿನ ಮೇಲೆ ಕೂತಿದ್ದಾರೆ. ಕಾರಿನ ಒಳಗೆ ಎರಡು ಸ್ಟೆಪ್ನಿ ನೆರಳಲ್ಲಿ ಆರಾಮ ಕೂತಿವೆ.

"ವಕೀಲ್ರ, ಡಿಕ್ಕ್ಯಾಗಿಂದು ಮುಟ್ಟಬಾರದು, ಒಪ್ಪಿದೆ. ಸೀಟಿನ ಮ್ಯಾಲಿಂದರ ಹಾಕ್ಕೊಂಡು ಬರಬಹುದಿತ್ತಲ್ರಿ?"

"ಹೆಂಗ ಹಾಕ್ಲಿ ಮಿಸ್ತ್ರಿ? ಅದೂ ಅಪ್ಪಾರು ಇಟ್ಟದ್ದು. ಅದೂ ಈಗ ಹಳೇದಾತು."

ಆ ಸೀಟಿನ ಕಾರಣಕ್ಕೆ ಅವರ ಮನೆಯಲ್ಲಿ ಒಂದು ಪದ್ಧತಿಯೇ ಬೆಳೆದುಬಿಟ್ಟಿತ್ತು. ಮದುವೆ ಮುಂಜಿಗೆ ಹೋಗುವಾಗ ಮುಂದೆ ವಕೀಲರು, ಪಕ್ಕದಲ್ಲಿ ಅವರ ತಾಯಿ, ಹಿಂದೆ ಟೈರು. ವಕೀಲರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಬರುವುದು.

"ಹಂಗಾರ ಇನ್ನ ಮೂರನೇದೊಂದು ತೊಗೊಳ್ರಿ, ಖರೇ ಉಪಯೋಗ ಮಾಡಾಕ" ಎಂದು ಚೇಷ್ಟೆಗೆ ಅಂದೆ.

ವಕೀಲರು ಗಂಭೀರವಾಗಿ ನಿಟ್ಟುಸಿರು ಬಿಟ್ಟರು. "ತರಬೇಕಂತ ಮಾಡಿದ್ದೆ. ಈಗರ ಬಸ್ ಸ್ಟಾಪಿನ ತನಕ ಬಿಡ್ತೀರಿ, ಆಮ್ಯಾಲ ಅದೂ ಇಲ್ಲ ಅಂತಾಳ ನಮ್ಮಾಕಿ."

ಕುಂದಾ

ನಾನು ಮಾಡಿದ ಘನಂದಾರಿ ಕೆಲಸ ಈಗ ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತೆರಡು. ಒಂದು ಶುಕ್ರವಾರ ಉಸ್ತಾದರು ನಮಾಜಿಗೆ ಹೋಗಿದ್ದರು, ಗ್ಯಾರೇಜು ಕಾಯುವ ಪಾಳಿ ನನ್ನದು. ವಕೀಲರ ತಂದೆಯ ಕಾರು ಗ್ರೀಸ್ ಹಾಕಿಸಲು ಬಂದು ನಿಂತಿತ್ತು. ಅಷ್ಟರಲ್ಲಿ ಖಾನಾಪುರದ ಒಬ್ಬ ಡಾಕ್ಟರು ಅದೇ ತರಹದ ಕಾರನ್ನು ಕುಂಟಿಸುತ್ತ ತಂದರು. ಒಂದು ಟೈರು ಒಡೆದಿತ್ತು, ಅವರ ಸ್ಟೆಪ್ನಿ ಮೊದಲೇ ಕೆಟ್ಟಿತ್ತು. ಊರಲ್ಲಿ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ಕಷ್ಟವಾಗಿದೆ, ಕೂಸು ಅಡ್ಡ ತಿರುಗಿದೆ, ತಾಸಿನೊಳಗೆ ಮುಟ್ಟಲೇಬೇಕು ಎಂದು ಅವರು ಕೈ ಹಿಸುಕಿಕೊಂಡರು.

ಆ ಅಳತೆಯ ಗಾಲಿ ಗ್ಯಾರೇಜಿನಲ್ಲಿ ಒಂದು ಇತ್ತು. ನೂಲು ಕಾಣುವಷ್ಟು ಸವೆದಿತ್ತು, ಅದನ್ನು ಹಾಕಿ ಕಳಿಸಿದರೆ ಹೆರಿಗೆ ಮಾಡುವವರೇ ಆಸ್ಪತ್ರೆ ಸೇರುತ್ತಿದ್ದರು. ನಾನು ವಕೀಲರ ತಂದೆಯ ಡಿಕ್ಕಿ ತೆಗೆದೆ, ಹೊಚ್ಚ ಹೊಸದರಂತಿದ್ದ ಸ್ಟೆಪ್ನಿ ಎಳೆದು ಡಾಕ್ಟರ ಕಾರಿಗೆ ಜೋಡಿಸಿದೆ. "ನಾಳಿ ತಂದ ಕೊಡ್ರಿ ಸಾಹೇಬ್ರ" ಎಂದೆ. ಅವರು ಹೋದ ಮೇಲೆ ಆ ಸವೆದ ಗಾಲಿಗೆ ಕರಿ ಬಳಿದು ಡಿಕ್ಕಿಯಲ್ಲಿಟ್ಟೆ. ಸಂಜೆ ಕಾರು ಮನೆಗೆ ಹೋಯಿತು.

ಡಾಕ್ಟರು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆ ವಾರವೇ ಉಸ್ತಾದರು ನನ್ನನ್ನು ಕೊಲ್ಹಾಪುರದ ತಮ್ಮ ಅಣ್ಣನ ಗ್ಯಾರೇಜಿಗೆ ಎರಡು ತಿಂಗಳು ಕಳಿಸಿದರು. ತಿರುಗಿ ಬಂದಾಗ ಸುಳ್ಳಿಗೆ ಎರಡು ತಿಂಗಳು ತುಂಬಿತ್ತು, ಬಾಯಿ ಬಿಡುವ ಧೈರ್ಯ ನನಗೆ ಬರಲಿಲ್ಲ. ಆ ಹೆಣ್ಣುಮಗಳು ಉಳಿದಳೋ ಇಲ್ಲವೋ ಎಂಬುದೂ ಗೊತ್ತಾಗಲಿಲ್ಲ.

ನಿಜವಾದ ಶಿಕ್ಷೆ ಶುರುವಾದದ್ದು ಆಮೇಲೆ. ಆಯುಧಪೂಜೆಯ ದಿನ, ಅಂದರೆ ನಮ್ಮ ಕಡೆಯ ಖಂಡೇನವಮಿಗೆ, ಕಾರಿನ ಪೂಜೆಗೆ ಮಿಸ್ತ್ರಿ ಬರಲೇಬೇಕೆಂದು ಆ ಮನೆಯವರ ಕರೆ. ಎಲ್ಲರೂ ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು ಇಡುತ್ತಾರೆ. ಆ ಮನೆಯಲ್ಲಿ ಮಾತ್ರ ವಕೀಲರ ತಾಯಿ ಡಿಕ್ಕಿ ತೆಗೆದು, ಕೌದಿ ಬಿಚ್ಚಿ, ಸ್ಟೆಪ್ನಿಗೂ ವಿಭೂತಿ ಎಳೆದು ಐದನೇ ಲಿಂಬೆಹಣ್ಣು ಇಡುತ್ತಿದ್ದರು. ನನ್ನ ಸುಳ್ಳಿಗೆ ಪೂಜೆ! ನೋಡಲಾಗದೆ ನಾನು ಗೇಟಿನ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಪೂಜೆ ಮುಗಿಸಿ ಬಂದು ಅವರು ನನ್ನ ಕೈಯಲ್ಲಿ ಒಂದು ದೊನ್ನೆ ಕುಂದಾ ಇಡುತ್ತಿದ್ದರು. ಬೆಳಗಾವಿಯ ಕುಂದಾ ಯಾರ ಗಂಟಲಲ್ಲೂ ನಿಲ್ಲುವುದಿಲ್ಲ, ನನಗೆ ಮಾತ್ರ ಮೂವತ್ತೆಂಟು ವರ್ಷ ನಿಂತಿತು.

ಈ ವರ್ಷ ವಕೀಲರ ಫೋನು. "ಮಿಸ್ತ್ರಿ, ಅವ್ವಗ ಎಂಬತ್ತಾರು ಆತು. ಈ ಸಲ ಮುಂದಿನ ಸಾಲಿನ್ಯಾಗ ಗಾಡಿ ನಿಲ್ಲಸು, ನಾ ಒಳಗ ಕುಂದರ್ತೇನಿ ಅಂತ ಹಠಾ ಹಿಡದಾಳ. ರವಿವಾರ ಬಂದು ಸ್ಟೆಪ್ನಿ ನೋಡಿ ಸಹಿ ಮಾಡ್ರಿ. ಭಾಳ ತ್ರಾಸ ಇಲ್ಲ. ಗಾಡಿ ಜೋಡಿ ಬಂದ ಪುಸ್ತಕ ಸಿಕ್ಕೈತಿ. ಹಿಂದಿನ ಪುಟದಾಗ ಅಪ್ಪಾರು ಐದೂ ಟೈರಿನ ನಂಬರ್ ಬರದಿಟ್ಟಾರ. ನೀವು ಬರೇ ಹೊಂದಿಸಿ ನೋಡಿದ್ರ ಮುಗೀತು."

"ಅಪ್ಪಾರು ಭಾಳ ಶಿಸ್ತಿನವ್ರು ಬಿಡ್ರಿ" ಎಂದೆ, ಆ ಹಿರಿಯರನ್ನು ಮನಸ್ಸಿನಲ್ಲೇ ಬೈಯುತ್ತ.

ಟೈರಿನ ಟಿಕೆಟ್ಟು

ರವಿವಾರಕ್ಕೆ ಮೂರು ದಿನ ಇತ್ತು. ಅಸಲಿಯನ್ನು ಹುಡುಕಿ ತಂದು, ವಕೀಲರು ಚಹಾ ತರಲು ಒಳಗೆ ಹೋದಾಗ ಬದಲಿಸಿಬಿಡೋಣ ಎಂದು ಲೆಕ್ಕ ಹಾಕಿ ಖಾನಾಪುರದ ಬಸ್ಸು ಹತ್ತಿದೆ.

ಕೇಳಿಕೊಂಡು ಮನೆ ಹುಡುಕಿದೆ. ಬಾಗಿಲು ತೆರೆದದ್ದು ಡಾಕ್ಟರ ಹೆಂಡತಿ. "ಡಾಕ್ಟರ್ ಗೇಲೆ ಹೋ. ಚಾರ ವರ್ಷಂ ಝಾಲೀ" ಎಂದರು. ಡಾಕ್ಟರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಾರು ಅದಕ್ಕೂ ಮೊದಲೇ ಮಾರಿ ಹೋಗಿತ್ತು. ಇನ್ನು ಟೈರಿನ ಆಸೆ ಬಿಟ್ಟಂತೆಯೇ ಎಂದುಕೊಂಡು ಅಂಗಳಕ್ಕೆ ಇಳಿದವನು ಅಲ್ಲೇ ನಿಂತೆ. ತುಳಸಿಕಟ್ಟೆಯ ಪಕ್ಕದಲ್ಲಿ ಒಂದು ಹಳೆಯ ಟೈರು ಅಂಗಾತ ಮಲಗಿತ್ತು, ಅದರ ತುಂಬ ಮಣ್ಣು, ಮಣ್ಣಿನಲ್ಲಿ ಸೊಂಪಾದ ಮೊಗರಾ, ಅಂದರೆ ಮಲ್ಲಿಗೆ ಬಳ್ಳಿ. ಅಳತೆ ಅದೇ.

"ಬಾಯೀ, ಈ ಟೈರ್ ಯಾವಾಗಿಂದು?"

"ಡಾಕ್ಟರ್ರು ಬೆಳಗಾವಿಯಿಂದ ತಂದದ್ದು. ಒಂದ ರಾತ್ರಿ ಹೆರಿಗಿ ಮಾಡಿ ಬಂದು ಇಲ್ಲಿ ಒಗದ್ರು. ಆಗಿಂದ ಇಲ್ಲೇ ಐತಿ ಬಘಾ, ನೋಡ್ರಿ."

ಜೀವ ಬಂದಂತಾಯಿತು. ಇದ್ದದ್ದನ್ನು ಹೇಳಿ ಕೈ ಮುಗಿದೆ. ಆ ಬಾಯಿ ಮೊಗರಾ ಬಳ್ಳಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಒಯ್ರಿ. ಖರೇ ನನ್ನ ಮೊಗರಾಕ್ಕ ಎಂಟ ದಿನದಾಗ ಇನ್ನೊಂದು ಟೈರ್ ತಂದ ಕೊಡಬೇಕು. ನಕ್ಕಿ?"

"ನಕ್ಕಿ, ಖಾತ್ರಿ" ಎಂದೆ. ಆಡಿದ ಮೇಲೆ ನೆನಪಾಯಿತು, ತಂದು ಕೊಡುತ್ತೇನೆ ಎಂದು ಹಿಂದೆ ಡಾಕ್ಟರೂ ನನಗೆ ಹೀಗೇ ಹೇಳಿ ಹೋಗಿದ್ದರು.

ಬಸ್ಸಿನಲ್ಲಿ ಜಾಗವಿತ್ತು. ಟೈರನ್ನು ಪಕ್ಕದ ಸೀಟಿನ ಮೇಲೆ ಕೂಡಿಸಿ, ಬೀಳದಂತೆ ಹೆಗಲ ಮೇಲೆ ಕೈ ಹಾಕಿಕೊಂಡು ಕುಳಿತೆ. ಕಂಡಕ್ಟರು ಬಂದ.

"ಇದಕ್ಕ ಟಿಕೆಟ್ ಬೇಕಲ್ರಿ."

"ಲಗೇಜ್ ಐತಿ, ಅರ್ಧಾ ಕೊಡಪಾ."

"ಸೀಟಿನ ಮ್ಯಾಲ ಕುಂತದ್ದು ಲಗೇಜ್ ಹೆಂಗ ಆಕ್ಕೈತಿ? ಅರ್ಧಾ ಟಿಕೆಟ್ ಸಣ್ಣ ಹುಡುಗ್ರಿಗೆ. ಇದರ ವಯಸ್ಸೆಷ್ಟು?"

"ನಲವತ್ತರ ಮ್ಯಾಲ" ಎಂದು ಬಾಯಿತಪ್ಪಿ ಖರೆ ಹೇಳಿಬಿಟ್ಟೆ.

"ಹಂಗಾರ ಪೂರಾ ಟಿಕೆಟ್."

ಹಿಂದಿನ ಸೀಟಿನ ಅಜ್ಜಿಯೊಬ್ಬಳು ಕಂಡಕ್ಟರನ ಅಂಗಿ ಜಗ್ಗಿದಳು. "ಹೆಣ್ಣೋ ಗಂಡೋ ಮೊದಲ ನೋಡೋ ತಮ್ಮಾ. ಹೆಣ್ಣಾದ್ರ ಫ್ರೀ ಅಲ್ಲೇನು?"

ಸ್ನಾನ

ಮನೆಗೆ ತಂದು ಹಿತ್ತಲಲ್ಲಿ ನೀರು ಹೊಯ್ದು ಮಣ್ಣು ತೊಳೆದೆ. ನನ್ನ ಹೆಂಡತಿ ಬಂದು ಸುತ್ತ ತಿರುಗಿ ನೋಡಿ, ಒಂದು ಕಡೆ ಬಗ್ಗಿ ಟೈರಿನೊಳಗೆ ಕೈ ಹಾಕಿದಳು. ಆಚೆ ಬದಿಯಿಂದ ಅವಳ ಐದೂ ಬೆರಳು ಹೊರಗೆ ಬಂದು ನನಗೆ ಟಾಟಾ ಮಾಡಿದವು.

ಗೇಣುದ್ದ ಸೀಳು. ನಾನು ತಂದದ್ದು ವಕೀಲರ ಸ್ಟೆಪ್ನಿಯಲ್ಲ, ಅವತ್ತು ಡಾಕ್ಟರ ಕಾರಿನಿಂದ ನಾನೇ ಬಿಚ್ಚಿ ಕೊಟ್ಟ ಒಡೆದ ಟೈರು. ನಲವತ್ತು ವರ್ಷ ಟೈರು ನೋಡಿದವನು, ಭಯದಲ್ಲಿ ಮಣ್ಣು ಒರೆಸಿ ನೋಡುವ ಬುದ್ಧಿಯೂ ಇಲ್ಲದೆ, ಸತ್ತ ಟೈರಿಗೆ ಪೂರಾ ಟಿಕೆಟ್ ತೆಗೆದು ಸೀಟಿನ ಮೇಲೆ ಕೂಡಿಸಿ ತಂದಿದ್ದೆ.

ಅವತ್ತು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ನಮ್ಮ ದಖನಿಯಲ್ಲಿ ಒಂದೇ ಮಾತು ಹೇಳಿದಳು: "ಜಾಕೇ ಸಚ್ ಬೋಲ್ ಡಾಲೋ." ಹೋಗಿ ಖರೆ ಹೇಳಿಬಿಡಿ. ಆಮೇಲೆ ಒಳಗೆ ಹೋಗುತ್ತ, ಸುಳ್ಳು ಕಾಗದಕ್ಕೆ ಸಹಿ ಮಾಡಿ ಹಿಂಡಲಗಾಕ್ಕೆ ಹೋದರೆ ಊಟದ ಡಬ್ಬಿ ತರುವುದು ತನ್ನ ಕೈಲಾಗದು, ಎರಡು ಬಸ್ಸು ಬದಲಿಸಬೇಕು ಎಂದಳು.

ಐದನೇ ಲಿಂಬೆಹಣ್ಣು

ರವಿವಾರ ಬೆಳಿಗ್ಗೆ ಟಿಳಕವಾಡಿಗೆ ಹೋದೆ. ಕಾರನ್ನು ತೊಳೆದು ಅಂಗಳಕ್ಕೆ ತಂದಿದ್ದರು. ವಕೀಲರ ತಾಯಿ ಇಳಕಲ್ ಸೀರೆ ಉಟ್ಟು ಡಿಕ್ಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ವಕೀಲರ ಕೈಯಲ್ಲಿ ಆ ಪುಸ್ತಕ.

"ಬರ್ರಿ ಮಿಸ್ತ್ರಿ, ಕುಂದರ್ರಿ. ಅವ್ವಾ, ಕೌದಿ ಬಿಚ್ಚು."

"ಬಿಚ್ಚಬ್ಯಾಡ್ರಿ ಅವ್ವಾರ" ಎಂದೆ. ನಿಂತೇ ಹೇಳಿದೆ. ಶುಕ್ರವಾರ, ಡಾಕ್ಟರು, ಅಡ್ಡ ತಿರುಗಿದ ಕೂಸು, ಕರಿ ಬಳಿದ ಗಾಲಿ, ಖಾನಾಪುರದ ಮೊಗರಾ ಬಾಯಿಗೆ ಕೊಟ್ಟ ಮಾತು, ಏನೂ ಬಿಡಲಿಲ್ಲ. ಅರವತ್ತು ವರ್ಷದ ಗಂಡಸು ಟೈರಿನ ಸಲುವಾಗಿ ಅಳುವುದು ನೋಡಲು ಹೇಗಿತ್ತೋ ಗೊತ್ತಿಲ್ಲ. "ಅವ್ವಾರ, ನೀವು ಇಷ್ಟ ವರ್ಷ ಈಬತ್ತಿ ಹಚ್ಚಿದ್ದು ನನ್ನ ಸುಳ್ಳಿಗೆ. ಮಾಫ್ ಮಾಡ್ರಿ."

ವಕೀಲರ ಕೈಯಿಂದ ಪುಸ್ತಕ ಕೆಳಗೆ ಬಿತ್ತು.

ಅವ್ವಾರು ಮಾತ್ರ ಅಲ್ಲಾಡಲಿಲ್ಲ. ಸಾವಕಾಶ ಕೌದಿಯ ದಾರ ಬಿಚ್ಚಿದರು. ಒಳಗಿನ ಟೈರಿನ ಬದಿ ಪೂರಾ ವಿಭೂತಿ ಪದರು ಪದರಾಗಿ ಕೂತು ಬೆಳ್ಳಗಾಗಿತ್ತು. ನಡುವೆ ಅಲ್ಲಲ್ಲಿ ಕಪ್ಪು ಕೂದಲು ಕಂಡವು. ಸವೆದ ಟೈರಿಗೆ ಕೂದಲು ಎಲ್ಲಿಂದ ಬರಬೇಕು?

"ನಂಬರ್ ನೋಡು" ಎಂದರು.

ಒದ್ದೆ ಬಟ್ಟೆ ತೆಗೆದುಕೊಂಡು ನಂಬರಿನಷ್ಟೇ ಜಾಗ ಒರೆಸಿದೆ. ಒಂದೊಂದೇ ಅಂಕಿ ಎದ್ದು ಬಂತು. ವಕೀಲರು ಪುಸ್ತಕ ಎತ್ತಿಕೊಂಡು ಓದಿದರು. ಕೊನೆಯ ಅಂಕಿಯವರೆಗೆ ಹೊಂದಿತು. ಅಸಲಿ!

"ಡಾಕ್ಟರ್ರು ಮೂರನೇ ದಿನಕ್ಕ ತಂದ ಕೊಟ್ರು" ಎಂದರು ಅವ್ವಾರು. "ಗಾಡಿ ಯಾರದು ಅಂತ ಅವ್ರಿಗೆ ಗೊತ್ತಿತ್ತು, ಸೀದಾ ಮನಿಗೇ ಬಂದ್ರು. ನಮ್ಮ ಮನಿಯವ್ರು ಕೋರ್ಟಿಗೆ ಹೋಗಿದ್ರು. ತಾಯಿ ಮಗು ಇಬ್ಬರೂ ಅರಾಮ ಅದಾರ, ಗ್ಯಾರೇಜಿನ ಆ ಹುಡುಗನ ಕೆಲಸ ಹೋಗದಂಗ ನೋಡ್ಕೋರಿ ತಾಯಿ, ಅಂದ್ರು. ಅವ್ರ ಕೈಲೇ ಡಿಕ್ಕ್ಯಾಗ ಇಡಿಸಿದೆ."

ತಾಯಿ ಮಗು ಆರಾಮ. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎನ್ನುತ್ತಾರಲ್ಲ, ನನಗೆ ಇಡೀ ಲಾರಿಯೇ ಖಾಲಿಯಾದಂತಾಯಿತು.

"ನನಗೊಂದ ಮಾತು ಯಾಕ ಹೇಳಲಿಲ್ರಿ ಅವ್ವಾರ? ಮೂವತ್ತೆಂಟ ವರ್ಷ!"

"ನೀ ಊರಾಗ ಎಲ್ಲಿ ಇದ್ದಿ? ಎರಡ ತಿಂಗಳ ಮ್ಯಾಲ ಬಂದಿ. ಅಷ್ಟರಾಗ ಡಾಕ್ಟರ್ರು ನಿನಗೂ ಹೇಳಿರ್ತಾರ ಅಂದ್ಕೊಂಡೆ."

"ಮತ್ತ ಪ್ರತಿ ಪೂಜಿಗೆ ನಾ ಮಾರಿ ತಿರುವಿ ನಿಲ್ತಿದ್ದೆ, ಅದರ ಕಾಣಲಿಲ್ಲೇನ್ರಿ?"

"ಕಾಣ್ತಿತ್ತಪಾ. ಪಾಪ, ಮುಸಲ್ಮಾನರ ಹುಡುಗ, ಪೂಜಿ ನೋಡಬಾರದಂತ ಅವ್ರಲ್ಲಿ ಇರಬೇಕು ಅಂತ ತಿಳ್ಕೊಂಡು ನಾನೂ ಲಗೂ ಲಗೂ ಮುಗಸ್ತಿದ್ದೆ."

ಐದನೇ ಲಿಂಬೆಹಣ್ಣು ಯಾಕೆ ಎಂದು ಕೇಳಿದೆ. "ಒಮ್ಮಿ ಮನಿ ಬಿಟ್ಟು ಹೋಗಿ ಬಂದದ್ದು. ಮತ್ತ ಹೋಗಬಾರದಲ್ಲ" ಎಂದರು.

ಫಾರ್ಮು ತೆಗೆದೆ. ಆದರೆ ಅದರಲ್ಲಿ ಒಂದು ಸಾಲಿತ್ತು: ಈ ಸ್ಟೆಪ್ನಿಯು ಕಾರನ್ನು ಬಿಟ್ಟು ಎಂದೂ ಹೋಗಿಲ್ಲ. ಪೆನ್ನು ಅಲ್ಲೇ ನಿಂತಿತು. ಸತ್ಯ ಹೇಳಿ ಹತ್ತು ನಿಮಿಷವಾಗಿರಲಿಲ್ಲ, ಮತ್ತೆ ಸುಳ್ಳು ಹೇಗೆ ಬರೆಯಲಿ? ಓದಿ ಹೇಳಿದೆ.

ಅವ್ವಾರಿಗೆ ಸಿಟ್ಟು ಬಂತು. "ಸೊಸಿ ಮೂರ ದಿನ ತವರಿಗೆ ಹೋಗಿ ಬಂದ್ರ ಮನಿಯಾಕಿ ಅಲ್ಲಂತಾರೇನು? ಬರಿ, ತವರಿಗೆ ಹೋಗಿ ಬಂದಾಳ, ಅಂತ."

ಹಾಗೇ ಬರೆದೆ. ಆಮೇಲೆ ಬಳಗದವರು ಅದನ್ನು ಓದಿ ತಲೆ ಕೆರೆದುಕೊಂಡು ಮುಂದಿನ ಸಾಲಿನಲ್ಲೇ ಜಾಗ ಕೊಟ್ಟರು. ಹೆಣ್ಣು ಎಂದು ಮೊದಲೇ ಗೊತ್ತಿದ್ದರೆ ಬಸ್ಸಿನ ಟಿಕೆಟ್ಟಾದರೂ ಉಳಿಯುತ್ತಿತ್ತು.

ಅವತ್ತು ಅಂಗಳದಲ್ಲಿ, ಸಹಿ ಹಾಕಿ ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ವಕೀಲರು ವಕೀಲರೇ. ತಟ್ಟನೆ ಪ್ರಶ್ನೆ ಹಾಕಿದರು: "ಅವ್ವಾ, ಅಸಲಿ ತಿರುಗಿ ಬಂತು. ಹಂಗಾರ ಮಿಸ್ತ್ರಿ ಇಟ್ಟ ಆ ಸವದ ಗಾಲಿ ಎಲ್ಲಿ ಹೋತು?"

ಅವ್ವಾರು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. "ಗ್ಯಾರೇಜಿಗೆ ಕಳಿಸಿದ್ರ ಇವನ ಉಸ್ತಾದಗ ಗೊತ್ತಾಗತಿತ್ತು. ಅದಕ್ಕ ಸೀಟಿನ ಮ್ಯಾಲ ಇಟ್ಟು ಕೌದಿ ಹೊಲದೆ. ನಮ್ಮ ಮನಿಯವ್ರು ಕೇಳಿದ್ರ, ಸ್ಟೆಪ್ನಿಗೂ ಒಂದು ಸ್ಟೆಪ್ನಿ ಇರ್ಲಿ ಅಂದೆ. ಒಂದಕ್ಕ ಹೊಲದ್ರ ಸಂಶಯ ಬರ್ತೈತಂತ ಎರಡಕ್ಕೂ ಹೊಲದೆ."

ವಕೀಲರು ಹಿಂದಿನ ಬಾಗಿಲು ತೆರೆದು ಎರಡನೇ ಕೌದಿ ಹರಿದರು. ಒಳಗೆ ನನ್ನದೇ ಗಾಲಿ, ನೂಲು ಕಾಣುವಷ್ಟು ಸವೆದದ್ದು, ನಾನು ಬಳಿದ ಕರಿ ಇನ್ನೂ ಅಲ್ಲಲ್ಲಿ ಉಳಿದಿತ್ತು. ಅಪ್ಪಾರು ಇಟ್ಟದ್ದೆಂದು ಅವರು ಇಷ್ಟು ವರ್ಷ ಬಿಸಿಲು ತಾಗದಂತೆ ಕಾಪಾಡಿದ ಗಾಲಿ ಅದು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ವಕೀಲರ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಎಳೆದು ಅಂಗಳಕ್ಕೆ ಉರುಳಿಸಿದರು. ಸೀಟು ಝಾಡಿಸಿದರು. ಒಳಗೆ ಹತ್ತಿ ನಟ್ಟನಡುವೆ ಕುಳಿತು, ಎರಡೂ ಕಡೆ ಸೆರಗು ಹರಡಿ, ಬಾಗಿಲು ಎಳೆದುಕೊಂಡರು.

"ಮಿಸ್ತ್ರಿ, ಮೊಗರಾ ಬಾಯಿಗೆ ಟೈರ್ ಕೊಡತೇನಂತ ಮಾತ ಕೊಟ್ಟೀರಲ್ಲ, ನಡೀರಿ ಖಾನಾಪುರಕ್ಕ ಹೋಗೂಣು. ನೀವ ಗಾಡಿ ನಡಸ್ರಿ. ಅತ್ತೀ, ನೀವು ಮುಂದ ಕುಂದರ್ರಿ."

"ಮತ್ತ ನಾ?" ಎಂದರು ವಕೀಲರು.

"ನೀವು ಟೈರ್ ಕರಕೊಂಡು ಬಸ್ಸಿಗೆ ಬರ್ರಿ."

ಅವತ್ತು ಖಾನಾಪುರದ ದಾರಿಯಲ್ಲಿ ತಿಂದ ಕುಂದಾ ಗಂಟಲಲ್ಲಿ ನಿಲ್ಲಲಿಲ್ಲ. ನಾವು ಮುಟ್ಟಿ, ಬಾಯಿ ಕೊಟ್ಟ ಚಹಾ ಕುಡಿದು, ಮೊಗರಾ ಬಳ್ಳಿಗೆ ಮಣ್ಣು ಹದ ಮಾಡುವ ಹೊತ್ತಿಗೆ ವಕೀಲರು ಗಾಲಿ ಉರುಳಿಸುತ್ತ ಬಂದರು. ಕಂಡಕ್ಟರು ಅವನೇ ಅಂತೆ. ಒಂದು ತಾಸು ವಾದ ಮಾಡಿದರೂ ಗಾಲಿಗೆ ಪೂರಾ ಟಿಕೆಟ್ ಕೊಟ್ಟು, ಸೀಟಿನ ಮೇಲೆ ಕೂಡಿಸಿ, ವಕೀಲರನ್ನು ನಿಲ್ಲಿಸಿಕೊಂಡು ಬಂದನಂತೆ.